ಮೇಲಿನ ಸಂದೇಶವನ್ನು ಕಡೆಗಣಿಸಿ

ಕಳೆದ ಸೋಮವಾರ ಬೆಳಗ್ಗೆ ನಮ್ಮೂರ ಶಾಲೆಯ ಗೇಟು ದಾಟಿ ನಾನು ಒಳಗೆ ಕಾಲಿಟ್ಟೆ. ಜೊತೆಗೆ ಏಳನೇ ಕ್ಲಾಸಿನ ಮಗ. ಅವನದು ಕೊಡವ ಗಂಡಸರ ಉಡುಗೆ: ಮೈಮೇಲೆ ಕುಪ್ಯ ಅನ್ನುವ ಕಪ್ಪು ನಿಲುವಂಗಿ, ಸೊಂಟಕ್ಕೆ ಚೇಲೆ ಅನ್ನುವ ಕೆಂಪು ಪಟ್ಟಿ, ತಲೆಗೆ ಬಿಳಿ ಮಂಡೆತುಣಿ. ಮೂಗಿನ ಕೆಳಗೆ ಕಾಡಿಗೆಯಲ್ಲಿ ಬರೆದ ಮೀಸೆ ಬೇರೆ. ಮದುವೆಮನೆಗೆ ಹೊರಟ ಯಜಮಾನನ ಕಳೆ.

ಒಳಗೆ ನೋಡಿದರೆ ಶಾಮಿಯಾನ ಇಲ್ಲ, ಸ್ಟೇಜಿಲ್ಲ, ಮೈಕಿಲ್ಲ. ಉಳಿದ ಮಕ್ಕಳೆಲ್ಲ ಯೂನಿಫಾರ್ಮಿನಲ್ಲಿ ಸಾಲಾಗಿ ನಿಂತು ನಾಡಗೀತೆ ಹಾಡುತ್ತಿದ್ದಾರೆ.

ನಾಡಗೀತೆ ಶುರುವಾದ ಮೇಲೆ ಅಲ್ಲಾಡುವ ಹಾಗಿಲ್ಲ. ಇದ್ದಲ್ಲೇ ನೆಟ್ಟಗೆ ನಿಂತೆವು. ಅದನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಆದೇಶ ಮಾಡಿದೆ. ಆ ಎರಡೂವರೆ ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗಬೇಕಾದರೆ ಕುಪ್ಯ ಹಾಕಿದ ಮಗನನ್ನು ಪಕ್ಕದಲ್ಲಿಟ್ಟುಕೊಂಡು ನಿಲ್ಲಬೇಕು. ಮೊದಲ ಸಾಲಿನ ಹುಡುಗಿಯೊಬ್ಬಳು ನಮ್ಮನ್ನು ನೋಡಿದಳು. ಅವಳ ಸ್ವರ ಜಾರಿತು. ಅಲ್ಲಿಂದ ನಗು ಒಂದೊಂದೇ ಸಾಲು ಹಿಂದಕ್ಕೆ ಹೋಯಿತು. ಹಾಡು ಮಾತ್ರ ನಿಲ್ಲಲಿಲ್ಲ.

"ಅಪ್ಪಾ, ಇವತ್ತೇನಾ?" ಮಗ ತುಟಿ ಅಲ್ಲಾಡಿಸದೆ ಕೇಳಿದ.

ನಾನು ಓದಿದ ಸಂದೇಶದ ಪ್ರಕಾರ ಇವತ್ತೇ. ಆ ಸಂದೇಶವನ್ನು ಕಡೆಗಣಿಸಿ ಅಂತ ಇನ್ನೊಂದು ಸಂದೇಶ ಬಂದಿತ್ತಂತೆ. ಅದು ನನಗೂ ಬಂದಿತ್ತು. ನಾನು ಬೇರೆ ಯಾವುದನ್ನೋ ಕಡೆಗಣಿಸಿದ್ದೆ.

ನೀವೂ ಯಾವುದಾದರೂ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಇದ್ದೇ ಇರುತ್ತೀರಿ. ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಲೇಬೇಕು. ಕೊಡಗಿನ ಗೋಣಿಕೊಪ್ಪದ ಟಾರು ರಸ್ತೆ ಬಿಟ್ಟು ಒಳಗೆ ಇಳಿದರೆ ತಗ್ಗಿನಲ್ಲಿ ನಮ್ಮ ಮನೆ. ಸುತ್ತ ಕಾಫಿ, ಕಾಫಿಯ ಮೇಲೆ ಸಿಲ್ವರ್ ಮರ, ಮರಕ್ಕೆ ಮೆಣಸಿನ ಬಳ್ಳಿ. ಇಷ್ಟನ್ನೆಲ್ಲ ದಾಟಿ ಬರುವಷ್ಟರಲ್ಲಿ ನೆಟ್‌ವರ್ಕ್ ಸುಸ್ತಾಗಿಬಿಡುತ್ತದೆ. ಕೊಟ್ಟಿಗೆಯ ಹಿಂದೆ ಒಂದು ಬಂಡೆ ಇದೆ. ಅದನ್ನು ಹತ್ತಿ, ಪೂರ್ವಕ್ಕೆ ಮುಖ ಮಾಡಿ, ಫೋನನ್ನು ತಲೆಯಿಂದ ಮೇಲಕ್ಕೆ ಎತ್ತಿದರೆ ಎರಡು ಕಡ್ಡಿ ಕಾಣಿಸುತ್ತದೆ. ಮೊದಮೊದಲು ದಾರಿಯಲ್ಲಿ ಹೋಗುವವರು ನಾನು ಸೂರ್ಯನಮಸ್ಕಾರ ಕಲಿಯುತ್ತಿದ್ದೇನೆ ಅಂದುಕೊಂಡಿದ್ದರು. ಕರೆಂಟು ಹೋಗಿ ಜಾಸ್ತಿ ಹೊತ್ತಾದರೆ ಟವರೂ ಮಲಗುತ್ತದೆ. ಆಮೇಲೆ ಬಂಡೆಯಿಂದಲೂ ಪ್ರಯೋಜನ ಇಲ್ಲ.

ಮಗನನ್ನೇ ಕೇಳಬಹುದಿತ್ತಲ್ಲ ಅಂತೀರಾ? ಕೇಳಿದೆ. "ಗ್ರೂಪಲ್ಲಿ ಹಾಕ್ತೇನೆ ಅಂದಿದಾರೆ ಟೀಚರ್." ಈಗಿನ ಮಕ್ಕಳು ಇಷ್ಟೇ ಹೇಳುವುದು. ನಾವಾದರೆ ಶಾಲೆಯ ಸುದ್ದಿಯನ್ನು ಬಾಯಲ್ಲೇ ಹೊತ್ತು ತರುತ್ತಿದ್ದೆವು. ದಾರಿಯಲ್ಲಿ ಅರ್ಧ ಬೀಳಿಸಿಕೊಂಡರೂ ಉಳಿದರ್ಧ ಮನೆ ಮುಟ್ಟುತ್ತಿತ್ತು. ಅದೂ ವರ್ಷದ ಕೊನೆಗೆ ಇದ್ದದ್ದು ಎರಡೇ ಸುದ್ದಿ. ಒಂದು, ಏಳನೇ ಕ್ಲಾಸಿನವರಿಗೆ ಪಬ್ಲಿಕ್ ಪರೀಕ್ಷೆ. ಇನ್ನೊಂದು, ಏಪ್ರಿಲ್ 10ಕ್ಕೆ ರಿಸಲ್ಟು. ಏಪ್ರಿಲ್ 10ನ್ನು ಕಡೆಗಣಿಸಿ ಅಂತ ಯಾರೂ ಯಾವತ್ತೂ ಹೇಳಲಿಲ್ಲ.

ಈ ಸಲದ ವಾರ್ಷಿಕೋತ್ಸವ, ಬೀಳ್ಕೊಡುಗೆ ಎರಡನ್ನೂ ಸೇರಿಸಿ ಒಂದೇ ದಿನ ಮುಗಿಸೋಣ ಅಂತ ತೀರ್ಮಾನ ಆಯಿತು. ಯಾವ ದಿನ ಅನ್ನುವುದಕ್ಕೆ ಪೋಷಕರ ಸಭೆ ಕರೆದರು. ಫೆಬ್ರವರಿ ಅಂದರೆ ಕಾಫಿ ಕೊಯ್ಲು ಮುಗಿದಿಲ್ಲ. ಮಾರ್ಚ್ ಮೊದಲ ವಾರ ಅಂದರೆ ಮೆಣಸು ಕೊಯ್ಯುವವರು ಸಿಕ್ಕಿರುವುದೇ ಆಗ, ಬಿಟ್ಟರೆ ಮತ್ತೆ ಸಿಗುವುದಿಲ್ಲ. ಕೊನೆಯ ವಾರ ಪರೀಕ್ಷೆ. ಒಬ್ಬರು "ಏಪ್ರಿಲ್‌ಗೆ ಹಾಕಿ" ಅಂದರು. ಇಡೀ ಸಭೆ "ಆಗ ಹಾಕಿ!" ಅಂತ ಕೂಗಿತು. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಆ ಸೀಸನ್ನಿನಲ್ಲಿ ನಮ್ಮ ಕಡೆ ಬೇರೆ ಕಾರ್ಯಕ್ರಮಕ್ಕೆ ಜನ ಸೇರಿಸುವುದು ಸುಲಭವಲ್ಲ. ಅಧ್ಯಕ್ಷರೇ ಸಿಗುವುದಿಲ್ಲ, ಇನ್ನು ಮುಖ್ಯ ಅತಿಥಿ ಎಲ್ಲಿಂದ ಬರಬೇಕು?

ಉಳಿದದ್ದು ಮಾರ್ಚ್ ನಡುವಿನ ವಾರ. ಅದಕ್ಕೊಂದು ಮಳೆಯ ತೊಂದರೆ. ಶಾಮಿಯಾನ ಹಾಕುವ ದಿನ ಮಳೆ ಬರಬಾರದು ಅಂತ ಟೀಚರ್ ದೇವರಿಗೆ ಕೈ ಮುಗಿಯುತ್ತಿದ್ದರೆ, ಕಾಫಿ ಹೂ ಅರಳಿಸುವ ಹೂಮಳೆ ಬರಲಿ ಅಂತ ತೋಟದವರೆಲ್ಲ ಅದೇ ದೇವರಿಗೆ ಕೈ ಮುಗಿಯುತ್ತಿದ್ದೆವು. ದೇವರು ತೋಟದವರ ಮಾತು ಕೇಳಿದ. ಶನಿವಾರ ರಾತ್ರಿ ಚೆನ್ನಾಗಿ ಹೊಡೆಯಿತು. ನಮಗೆ ಒಂದಿಂಚು, ಅಂದರೆ ನೂರು ಸೆಂಟು; ಪಕ್ಕದ ಮನೆಗೆ ಎಂಬತ್ತು ಸೆಂಟು. ಆ ಇಪ್ಪತ್ತು ಸೆಂಟಿನ ಬಗ್ಗೆ ಪಕ್ಕದ ಮನೆಯ ಅಣ್ಣ ಇನ್ನೂ ನನ್ನನ್ನು ಅನುಮಾನದಿಂದ ನೋಡುತ್ತಾರೆ.

ಮಳೆಯ ಜೊತೆ ಕರೆಂಟು ಹೋಯಿತು. ಭಾನುವಾರ ಸಂಜೆ ಬಂತು. ಬಂಡೆ ಹತ್ತಿದೆ. ಫೋನು ಕೈಯಲ್ಲಿ ಕಪ್ಪೆಯ ಹಾಗೆ ಒದ್ದಾಡಿತು. ನಲವತ್ತೇಳು ಸಂದೇಶ.

ಮೊದಲನೆಯದು: "ಪೋಷಕರ ಗಮನಕ್ಕೆ. ಸಮಾರಂಭ ಬುಧವಾರ." ಕೆಳಗೆ ಒಂಬತ್ತು "ಸರಿ ಟೀಚರ್", ಆರು ಜೋಡಿ ಮುಗಿದ ಕೈ. ಆಮೇಲೆ: "ಮೇಲಿನ ಸಂದೇಶವನ್ನು ಕಡೆಗಣಿಸಿ. ಸಮಾರಂಭ ಸೋಮವಾರ." ಮತ್ತೆ "ಸರಿ ಟೀಚರ್", ಮತ್ತೆ ಕೈ. ಆಮೇಲೆ ಸಾಲಾಗಿ: "ನೃತ್ಯದ ಮಕ್ಕಳು ಕುಪ್ಯ ಧರಿಸಿ ಬರುವುದು." "ಆಹಾರ ಮೇಳಕ್ಕೆ ಪ್ರತಿ ಮನೆಯಿಂದ ಒಂದು ತಿಂಡಿ." "ಅಂಗಳದ ಕಾಡು ಕಡಿಯಲು ಪೋಷಕರು ಕತ್ತಿಯೊಂದಿಗೆ ಬರುವುದು." "ಟಿಸಿಗಾಗಿ ಆಧಾರ್ ಜೆರಾಕ್ಸ್ ತರುವುದು." ನಡುನಡುವೆ "ಈ ಸಂದೇಶವನ್ನು ಅಳಿಸಲಾಗಿದೆ" ಅಂತ ಮೂರು. ಯಾರೋ ಒಬ್ಬರ ಗುಲಾಬಿ ಹೂವಿನ ಶುಭೋದಯ ಒಂದು.

ಅದರ ಕೆಳಗೆ ನಮ್ಮ ಗ್ರೂಪಿನ ಒಬ್ಬ ತಂದೆಯ ಸಂದೇಶ: "ಎರಡು ತಿಂಗಳ ಹಂದಿಮರಿ ಮಾರಾಟಕ್ಕೆ ಉಂಟು. ಬೇಕಾದವರು ಫೋನ್ ಮಾಡಿ."

ಅದರ ಕೆಳಗೆ ಟೀಚರ್: "ಮೇಲಿನ ಸಂದೇಶವನ್ನು ಕಡೆಗಣಿಸಿ."

ನಾನು ಹಂದಿಮರಿಯನ್ನು ಕಡೆಗಣಿಸಿದೆ. ನೀವಾದರೂ ಅದನ್ನೇ ಮಾಡುತ್ತಿದ್ದಿರಿ, ಅಲ್ವಾ? ಮರಿಯವರು ಪಾಪ, "ನನ್ನದಾ ಟೀಚರ್?" ಅಂತ ಕೇಳಿದ್ದರು. "ಅಲ್ಲ, ಅದರ ಮೇಲಿನದು" ಅಂತ ಉತ್ತರ. ಅದರ ಮೇಲಿನದು ಗುಲಾಬಿ ಹೂವು. ಆ ಹೊತ್ತಿಗೆ ಎರಡು ಕಡ್ಡಿ ಒಂದಾಯಿತು, ಒಂದು ಸೊನ್ನೆಯಾಯಿತು. ಹೂವನ್ನೂ ಕಡೆಗಣಿಸಿ, ಸೋಮವಾರವನ್ನು ಗಟ್ಟಿ ಮಾಡಿಕೊಂಡು ಬಂಡೆ ಇಳಿದೆ.

ರಾತ್ರಿ ಎಂಟು ಗಂಟೆಗೆ ಕುಪ್ಯ ಎಲ್ಲಿಂದ ತರುವುದು? ನಮ್ಮದು ಮೈಸೂರು ಕಡೆಯಿಂದ ಬಂದ ಮನೆತನ, ಪೆಟ್ಟಿಗೆಯಲ್ಲಿ ಕುಪ್ಯ ಇಲ್ಲ. ಪಕ್ಕದ ಮನೆಗೆ ಓಡಿದೆ. ಇಪ್ಪತ್ತು ಸೆಂಟು ಮರೆತು ಅಣ್ಣ ಪೆಟ್ಟಿಗೆ ತೆರೆದರು. ಮನೆ ತುಂಬ ನುಸಿಗುಳಿಗೆ ವಾಸನೆ. "ಕುಪ್ಯ ತಗೋ. ಚೇಲೆ ತಗೋ. ಪೀಚೆಕತ್ತಿ ಮಾತ್ರ ಕೇಳ್ಬೇಡ ಮಾರಾಯ, ಅದು ಅಜ್ಜನದ್ದು." ಸರಿಯಾದ ಮಾತು. ಸೊಂಟಕ್ಕೆ ಸಿಕ್ಕಿಸುವ ನಿಜವಾದ ಕತ್ತಿ ಅದು, ಶಾಲೆಗೆ ಕಳಿಸುವುದಾದರೂ ಹೇಗೆ? ಫ್ಯಾನು ಬಂದ ರಟ್ಟಿನ ಡಬ್ಬ ಕತ್ತರಿಸಿ ನಾನೇ ಒಂದು ಪೀಚೆಕತ್ತಿ ಮಾಡಿದೆ. ಒರೆಗೆ ಬಿಸ್ಕತ್ತು ಪೊಟ್ಟಣದ ಬೆಳ್ಳಿ ಬಣ್ಣದ ಒಳಭಾಗ, ಸರಪಳಿಗೆ ಹೆಂಡತಿಯ ತುಂಡಾದ ಕಾಲುಗೆಜ್ಜೆ. ಹನ್ನೊಂದೂವರೆಗೆ ಮುಗಿಯಿತು. ನಿಜ ಹೇಳುತ್ತೇನೆ, ದೂರದಿಂದ ನೋಡಿದರೆ ಅಜ್ಜನದ್ದಕ್ಕಿಂತ ಹೊಳೆಯುತ್ತಿತ್ತು. ಕುಪ್ಯ ಮಾತ್ರ ಅಣ್ಣನ ಅಳತೆಯದ್ದು. ಹಿಂದೆ ಹನ್ನೆರಡು ಪಿನ್ನು ಚುಚ್ಚಿ ಚಿಕ್ಕದು ಮಾಡಿದೆವು. ಸೋಮವಾರ ಬೆಳಗ್ಗೆ ಮಗ ಕೂರಲಿಲ್ಲ, ಸ್ಕೂಟರಿನಲ್ಲೂ ನಿಂತೇ ಬಂದ.

ನಾಡಗೀತೆ ಮುಗಿಯಿತು. ಟೀಚರ್ ನಮ್ಮನ್ನು ನೋಡಿ ಹಣೆಗೆ ಕೈ ಇಟ್ಟುಕೊಂಡರು. ಬಾಯಿ ತೆರೆಯುವ ಮೊದಲೇ ಗೇಟಿನಲ್ಲಿ ಸದ್ದಾಯಿತು. ಇನ್ನೊಬ್ಬ ತಂದೆ, ಕೈಯಲ್ಲಿ ಕಾಡುಕತ್ತಿ, ಕಾಲಲ್ಲಿ ಗಂಬೂಟು. ಅವರ ಹಿಂದೆ ಒಬ್ಬರು ತಾಯಿ, ತಲೆಯ ಮೇಲೆ ಒಂದು ಕುಕ್ಕೆ ಕಡುಬು, ಕೈಯಲ್ಲಿ ತೂಕುಪಾತ್ರೆ ತುಂಬ ಕೋಳಿಸಾರು. ಅವರ ಹಿಂದೆ ಹಂದಿಮರಿಯವರು, ಆಧಾರ್ ಜೆರಾಕ್ಸ್ ಹಿಡಿದು. ನಾಲ್ಕು ಮನೆ, ನಾಲ್ಕು ಕಾರ್ಯಕ್ರಮ.

"ಕಡೆಗಣಿಸಿ ಅಂತ ಹಾಕಿದ್ನಲ್ಲಾ!" ಅಂದರು ಟೀಚರ್.

"ಯಾವುದನ್ನ ಟೀಚರ್?" ನಾಲ್ವರೂ ಒಟ್ಟಿಗೆ ಕೇಳಿದೆವು.

ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಅವತ್ತು ತೋಟದಲ್ಲಿ ಮೆಣಸಿಗೆ ನಾಲ್ಕು ಆಳು ಬಂದಿದ್ದರು. ಏಣಿ ಹಿಡಿಯುವವನು ನಾನೇ. ಎರಡು ಮಾತು ಕೇಳಿಯೇಬಿಡೋಣ ಅಂತ ಆಫೀಸ್ ರೂಮಿನ ತನಕ ಹೋದೆ. ಟೀಚರ್ ಮೇಜಿನ ಮೇಲೆ ಮೂರು ರಿಜಿಸ್ಟರ್ ತೆರೆದಿದ್ದವು. ಇವತ್ತು ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣಿನವರೆಷ್ಟು, ಹಾಲು ಕುಡಿದವರೆಷ್ಟು. ಪಕ್ಕದಲ್ಲಿ ಫೋನು, ಅದರಲ್ಲಿ ಮೇಲಿನ ಆಫೀಸಿನ ಗ್ರೂಪು. ತೋರಿಸಿದರು. ಅಲ್ಲೂ ಅದೇ: "ಈ ಹಿಂದಿನ ಸುತ್ತೋಲೆಯನ್ನು ಕಡೆಗಣಿಸುವುದು." ಸಭೆಯ ದಿನ ಮೂರು ಸಲ ಬದಲಾಗಿದೆ. ಅದಕ್ಕೆ ತಕ್ಕಂತೆ ನಮ್ಮ ಸಮಾರಂಭವೂ ಕುಣಿದಿದೆ. ಮುಖ್ಯ ಶಿಕ್ಷಕಿಯ ಕೆಲಸವೂ ಅವರದ್ದೇ, ಕನ್ನಡವೂ ಅವರದ್ದೇ, ಗಣಿತವೂ ಅವರದ್ದೇ.

ನನಗೆ 2024ರ ಮಾರ್ಚ್ ನೆನಪಾಯಿತು. ಅಣ್ಣನ ಮಗಳು ಆಗ ಎಂಟನೇ ಕ್ಲಾಸು. ಬೋರ್ಡ್ ಪರೀಕ್ಷೆ ಇಲ್ಲ ಅಂತ ಹೈಕೋರ್ಟು ಅಂದಿತು. ಇದೆ ಅಂತ ಅದೇ ಕೋರ್ಟಿನ ದೊಡ್ಡ ಪೀಠ ಅಂದಿತು. ಪರೀಕ್ಷೆ ಶುರುವಾದ ಮರುದಿನವೇ ಸುಪ್ರೀಂ ಕೋರ್ಟು ತಡೆಯಿತು. ಮತ್ತೆ ಹೈಕೋರ್ಟು ಒಪ್ಪಿ 25ರಿಂದ ಉಳಿದ ಪೇಪರು ಬರೆದರು. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೂ ಸುಪ್ರೀಂ ತಡೆ ಬಂತು. ಆ ಹುಡುಗಿ ಪುಸ್ತಕ ತೆರೆದು ಮುಚ್ಚಿ, ತೆರೆದು ಮುಚ್ಚಿ, ಅದರ ಬೈಂಡೇ ಹೋಯಿತು. ದೊಡ್ಡದೊಡ್ಡವರೇ ಹೀಗಿರುವಾಗ ಮೂರು ರಿಜಿಸ್ಟರಿನ ನಡುವೆ ಕೂತ ಟೀಚರನ್ನು ಏನಂತ ಕೇಳುವುದು? ಸುಮ್ನೆ ಹೊರಗೆ ಬಂದೆ.

ಆದರೆ ಒಂದು ಮಾತು. "ಸೋಮವಾರ ಬೇಡ, ಬುಧವಾರ" ಅಂತ ಬರೆದರೆ ಎಂತ ಖರ್ಚು ಬರುತ್ತದೆ? ಅಲ್ಲಿ "ಮೇಲಿನ" ಯಾಕೆ ಬೇಕು?

ತಂದ ಕಡುಬನ್ನು ವಾಪಸು ಹೊರುವುದುಂಟೇ? ವರಾಂಡದಲ್ಲಿ ಸಾಲಾಗಿ ಕೂತರು ಮಕ್ಕಳು, ಒಟ್ಟು ಮೂವತ್ತೊಂದು. ಮಗ ಮಾತ್ರ ಪಿನ್ನಿನ ಕಾರಣ ನಿಂತೇ ತಿಂದ. ಬಿಸಿ ಕಡುಬು ಸಾರಿನಲ್ಲಿ ಮುಳುಗುವ ಮೊದಲೇ ಒಂದು ಕುಕ್ಕೆ ಖಾಲಿ. ಕತ್ತಿ ತಂದವರು ಹೇಗೂ ಬಂದೆನಲ್ಲ ಅಂತ ಅಂಗಳದ ಅರ್ಧ ಕಾಡು ಕಡಿದರು. ಹಂದಿಮರಿಯವರು ಜೆರಾಕ್ಸಿನ ಮೇಲೆ ಕೋಳಿಸಾರು ಬೀಳಿಸಿಕೊಂಡರು.

ಬುಧವಾರದ ಸಮಾರಂಭ ನಡೆಯಿತು. ಭಾಷಣ ಇತ್ತು, ಹೇಳುವಂಥದ್ದು ಏನೂ ಇರಲಿಲ್ಲ. ವಾಲಗಕ್ಕೆ ಹುಡುಗರು ಕುಣಿದರು. ಎರಡನೇ ಸುತ್ತಿನಲ್ಲಿ ಮಗನ ಚೇಲೆ ಬಿಚ್ಚಿಕೊಂಡಿತು. ಹಿಂದಿನವನು ಅದರ ತುದಿ ಮೆಟ್ಟಿದ. ಇವನು ಮುಂದಕ್ಕೆ ಹೋದ ಹಾಗೆಲ್ಲ ಚೇಲೆ ಉದ್ದವಾಗುತ್ತ ಮೂವರನ್ನು ಸುತ್ತಿಕೊಂಡಿತು. ಸೋಮವಾರದಿಂದ ಶೀತ ಹಿಡಿದಿದ್ದ ರಟ್ಟಿನ ಪೀಚೆಕತ್ತಿ ಬಾಡಿದ ಬೆಂಡೆಕಾಯಿಯ ಹಾಗೆ ಬಾಗಿತ್ತು. ಜನ ಮತ್ತೊಮ್ಮೆ ಅಂತ ಕೂಗಿದರು. ಪಕ್ಕದ ಮನೆಯ ಅಣ್ಣ ಎದ್ದು ಸ್ಟೇಜಿಗೇ ಹೋಗಿ, ಎಲ್ಲರೆದುರು ಚೇಲೆಯನ್ನು ಬಿಗಿಯಾಗಿ ಕಟ್ಟಿ ಬಂದರು.

ಕೊನೆಗೆ ಏಳನೇ ಕ್ಲಾಸಿನವರನ್ನು ಹೆಸರು ಹಿಡಿದು ಕರೆದರು. ಐದು ಹೆಸರು, ಬೇಗ ಮುಗಿಯಿತು. ಮುಂದಿನ ವರ್ಷ ಒಂದನೇ ಕ್ಲಾಸಿಗೆ ಇಬ್ಬರು ಬರುತ್ತಾರಂತೆ. ಉಳಿದವರನ್ನು ಪೇಟೆಯ ಹಳದಿ ಬಸ್ಸು ನಮ್ಮ ರಸ್ತೆಯಿಂದಲೇ ಹತ್ತಿಸಿಕೊಂಡು ಹೋಗುತ್ತದೆ. ಆ ಲೆಕ್ಕ ಹೇಳುವಾಗ ಟೀಚರ್ ಮೈಕಿನಿಂದ ಸ್ವಲ್ಪ ಆಚೆ ಸರಿದರು. ನಮಗೆ ಸರಿಯಾಗಿ ಕೇಳಿಸಲಿಲ್ಲ.

ನಿನ್ನೆ ಬಂಡೆ ಹತ್ತಿದ್ದೆ. ಮಳೆ ಬಿದ್ದು ಒಂಬತ್ತು ದಿನ, ತೋಟ ಪೂರ್ತಿ ಬೆಳ್ಳಗೆ. ಹೂವಿನ ವಾಸನೆಗೆ ತಲೆ ತಿರುಗುತ್ತಿತ್ತು. ಫೋನು ಎತ್ತಿ ಹಿಡಿದೆ. ಒಂದೇ ಸಂದೇಶ: "ಪೋಷಕರ ಗಮನಕ್ಕೆ. 7ನೇ ತರಗತಿಯ ಪೋಷಕರು ಫಲಿತಾಂಶದ ನಂತರ ಈ ಗ್ರೂಪಿನಿಂದ ಹೊರಹೋಗಬಹುದು."

ಕೆಳಗೆ ಒಬ್ಬರೂ "ಸರಿ ಟೀಚರ್" ಅಂದಿರಲಿಲ್ಲ. ನಾನೂ ಅನ್ನಲಿಲ್ಲ. ಇದರ ಕೆಳಗೆ ಇನ್ನೊಂದು ಬರಬೇಕಲ್ಲ, ಅದಕ್ಕೆ ಕಾದೆ. ಕೈ ನೋಯತೊಡಗಿತು. ಬಲಗೈಗೆ ಬದಲಾಯಿಸಿದೆ. ಟಿಂಗ್ ಅಂತು.

"ಒಂದು ಮರಿ ಉಳಿದುಂಟು. ಬೇಕಾದವರು ಬೇಗ ಫೋನ್ ಮಾಡಿ."