ನಮ್ಮ ಮನೆಯ ಸಿಕ್ ಲೈನು

ಪೇಂಟಿನ ಡಬ್ಬಿ ಮೇಲೆ ‘ತಂಪಾದ, ಗಾಳಿಯಾಡುವ ಜಾಗದಲ್ಲಿ ಬಳಸಿ’ ಎಂದು ಬರೆಯುವ ಪುಣ್ಯಾತ್ಮರು ಮೇ ತಿಂಗಳಲ್ಲಿ ಕಲಬುರಗಿಗೆ ಬಂದವರಲ್ಲ. ಆ ತಿಂಗಳು ಇಲ್ಲಿ ತಂಪಾದ ಜಾಗ ಅಂದರೆ ಫ್ರಿಜ್ಜು, ಗಾಳಿಯಾಡುವ ಜಾಗ ಅಂದರೆ ಕೂಲರಿನ ಮುಂದೆ. ಮೊದಲನೆಯದರಲ್ಲಿ ನಾನು ಹಿಡಿಸುವುದಿಲ್ಲ, ಎರಡನೆಯದರಲ್ಲಿ ಪೇಂಟು ನಿಲ್ಲುವುದಿಲ್ಲ. ಪಾದರಸ 42, 43 ಮುಟ್ಟುವ ಊರಿನಲ್ಲಿ ಕುಳಿತು ಪುಟ್ಟ ರೈಲಿಗೆ ಬಣ್ಣ ಬಳಿಯುವವನ ತಲೆ ಎಷ್ಟು ನೆಟ್ಟಗಿದೆ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಈಗ ಚರ್ಚೆಯೂ ನಡೆಯುವುದಿಲ್ಲ. ತೀರ್ಪು ಎಂದೋ ಬಂದಾಗಿದೆ.

ಹುಚ್ಚು ಹತ್ತಿದ್ದು ಪುಣೆಯಲ್ಲಿ. ಅಲ್ಲಿನ ಕೊತ್ರೂಡಿನಲ್ಲಿ 1998ರಿಂದ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ ಇದೆ. ಮದುವೆಗೆಂದು ಹೋದವನು ಮುಯ್ಯಿ ಓದಿಸಿ, ಊಟ ಬಿಟ್ಟು, ಅಲ್ಲಿಗೆ ಓಡಿದ್ದೆ. ವಾಪಸು ಬಂದ ಮೇಲೆ ನನಗೂ ಒಂದು ಗೂಡ್ಸ್ ಗಾಡಿ ಬೇಕೆನಿಸಿತು. ರಾಜಧಾನಿ, ವಂದೇ ಭಾರತ್ ಬೇರೆಯವರು ಮಾಡಿಕೊಳ್ಳಲಿ. ನನಗೆ ಬೇಕಾದದ್ದು ಬಾಕ್ಸ್‌ಎನ್. ಹೆಸರು ಗೊತ್ತಿಲ್ಲದವರೂ ಅದನ್ನು ನೋಡಿಯೇ ಇರುತ್ತಾರೆ: ಕಲ್ಲಿದ್ದಲು ತುಂಬಿಕೊಂಡು ಹೋಗುವ, ಮೇಲೆ ಮುಚ್ಚಳವಿಲ್ಲದ, ಎತ್ತರ ಗೋಡೆಯ ಕಂದುಗೆಂಪು ವ್ಯಾಗನ್. ಗೇಟು ಹಾಕಿದಾಗ ಗಾಡಿ ಬಂದ್ ಮಾಡಿ ಎಣಿಸುತ್ತ ನಿಲ್ಲುತ್ತೇವಲ್ಲ, ಐವತ್ತೆಂಟೋ ಐವತ್ತೊಂಬತ್ತೋ ಎಂದು ಪಕ್ಕದ ಬೈಕಿನವನ ಜೊತೆ ವಾದ ಹಾಕುತ್ತೇವಲ್ಲ, ಅದೇ. ಹತ್ತು ಮೀಟರಿಗೂ ಉದ್ದದ ಆ ವ್ಯಾಗನ್ನನ್ನು ಎಂಬತ್ತೇಳು ಪಾಲು ಚಿಕ್ಕದು ಮಾಡಿದರೆ ಸುಮಾರು 12 ಸೆಂಟಿಮೀಟರ್ ಆಗುತ್ತದೆ. ಹವ್ಯಾಸಿಗಳು ಇದನ್ನು ಎಚ್‌ಒ ಅಳತೆ ಎನ್ನುತ್ತಾರೆ. ಬಿಡಿಭಾಗಗಳ ಕಿಟ್ ತರಿಸಿ, ಅಂಟಿಸಿ ನಿಲ್ಲಿಸುವ ತನಕ ಯಾವ ತಾಪತ್ರಯವೂ ಇರಲಿಲ್ಲ.

ಬಣ್ಣಕ್ಕೆಂದು ಸೂಪರ್ ಮಾರ್ಕೆಟ್ ಕಡೆಯ ಪೇಂಟಿನ ಅಂಗಡಿಗೆ ಹೋದೆ.

“ರೆಡ್ ಆಕ್ಸೈಡ್ ಬೇಕಾಗಿತ್ತು.”

“ಎಷ್ಟು ಗೇಟ್ ಅವ್ರಿ?”

“ಗೇಟ್ ಅಲ್ಲ, ಒಂದು ವ್ಯಾಗನ್‌ಗೆ.”

“ಕಾರಿಗಾದ್ರ ಡುಕೋ ಬೇಕಾಗ್ತದ್ರಿ. ರೆಡ್ ಆಕ್ಸೈಡ್ ಹಚ್ಚಿದ್ರ ನಿಮ್ಮ ಕಾರು ಕಿಟಕಿ ಕಂಡಂಗ ಕಾಣ್ತದ.”

ಕೊನೆಗೆ ಜೇಬಿನಿಂದ ವ್ಯಾಗನ್ ತೆಗೆದು ಕೌಂಟರ್ ಮೇಲೆ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋಗಿ ಅಂಗಡಿಯ ಅತ್ಯಂತ ಸಣ್ಣ ಡಬ್ಬಿ ತಂದರು. ಆ ಡಬ್ಬಿಯಿಂದ ನನ್ನ ಮೊಮ್ಮಕ್ಕಳೂ ವ್ಯಾಗನ್ನಿಗೆ ಬಣ್ಣ ಬಳಿಯಬಹುದು. ಅಷ್ಟಾಗಿ ಅದು ಗೇಟಿಗೇ ಹೋಯಿತು. ಕಬ್ಬಿಣಕ್ಕೆ ಬಳಿಯುವ ಆ ಪೇಂಟು ಪುಟ್ಟ ಮಾದರಿಯ ಮೇಲೆ ದಪ್ಪಗೆ ಕುಳಿತರೆ ರಿವೆಟ್ಟು, ಬಾಗಿಲಿನ ಕೀಲು ಎಲ್ಲ ಮುಚ್ಚಿಹೋಗುತ್ತವೆ. ಮಾದರಿಗೆ ಬೇಕಾದದ್ದು ನೀರಿನಲ್ಲಿ ಕರಗುವ ಅಕ್ರಿಲಿಕ್, ಅದನ್ನು ತೆಳ್ಳಗೆ ಊದಲು ಏರ್‌ಬ್ರಷ್, ಏರ್‌ಬ್ರಷ್‌ಗೆ ಗಾಳಿ ಕೊಡಲು ಒಂದು ಕಂಪ್ರೆಸರ್.

ಒಣ ಬಿಸಿಲಿನಲ್ಲಿ ಅಕ್ರಿಲಿಕ್ ಊದಿದರೆ ಹನಿಗಳು ನಳಿಕೆಯಿಂದ ಹೊರಟು ವ್ಯಾಗನ್ ಮುಟ್ಟುವಷ್ಟರಲ್ಲಿ ದಾರಿಯಲ್ಲೇ ಒಣಗಿ ಪುಡಿಯಾಗಿ ಕೂರುತ್ತವೆ. ಮೈ ಮುಟ್ಟಿದರೆ ಉಪ್ಪುಕಾಗದ. ಒಣಗುವುದನ್ನು ತಡಮಾಡಲು ರಿಟಾರ್ಡರ್ ಎರಡು ಹನಿ ಬೆರೆಸಬಹುದು, ಅದಕ್ಕಿಂತ ಒಳ್ಳೆಯ ಉಪಾಯ ಬೆಳಗಿನ ಐದೂವರೆಗೆ ಏಳುವುದು. ಹಾಗಾಗಿ ಓಣಿ ಮಲಗಿದ್ದಾಗ ನಾನು ಅಂಗಳದಲ್ಲಿ ಕಂಪ್ರೆಸರ್ ಶುರು ಮಾಡಿದೆ. ಮೊದಲ ದಿನ ಬೈಗುಳ ಬಂದವು. ಎರಡನೇ ದಿನ ಗೇಟಿನ ಮುಂದೆ ಒಬ್ಬ ಹುಡುಗ ಸೈಕಲ್ ಹಿಡಿದು ನಿಂತಿದ್ದ. “ಅಣ್ಣಾ, ಹಿಂದಿನ ಗಾಲಿಗಿ ಜರಾ ಹವಾ ಹೊಡೀರಿ.” ಹೊಡೆದೆ. ಒಂದು ವಾರದೊಳಗೆ ಹಾಲಿನವರು, ಪೇಪರಿನವರು ಎಲ್ಲ ನನ್ನ ಗಿರಾಕಿಗಳಾದರು. ಬೈಗುಳ ನಿಂತವು. ವ್ಯಾಗನ್ನಿಗೆ ಒಂದು ಕೋಟಿಂಗ್ ಹೊಡೆಯುವ ಹೊತ್ತಿಗೆ ಓಣಿಯ ಅರ್ಧ ಗಾಲಿಗಳು ಗಟ್ಟಿಯಾಗಿದ್ದವು.

ಬಣ್ಣವೇನೋ ಬಂತು. ಇನ್ನು ಅಕ್ಷರ. ಬಾಕ್ಸ್‌ಎನ್ ಮೈ ಮೇಲೆ ಓದುವುದಕ್ಕೆ ಎಷ್ಟಿದೆ ಎಂದು ಗೇಟಿನಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ: ಯಾವ ರೈಲ್ವೆಯದು ಎಂದು (ನನ್ನದು ಸೆಂಟ್ರಲ್ ರೈಲ್ವೆ) ಇಂಗ್ಲಿಷಿನಲ್ಲಿ ಸಿಆರ್, ಹಿಂದಿಯಲ್ಲಿ ಮ ರೇ, ಹನ್ನೊಂದು ಅಂಕಿಯ ನಂಬರು, ಖಾಲಿ ತೂಕ 22.47 ಟನ್, ಹೊರುವ ತೂಕ 58.81 ಟನ್, ವರ್ಕ್‌ಶಾಪಿಗೆ ಮರಳಬೇಕಾದ ರಿಟರ್ನ್ ಡೇಟ್. ಎಲ್ಲ ಬಿಳಿ ಅಕ್ಷರ. ಅಸಲಿ ವ್ಯಾಗನ್ನಿನ ಮೇಲೆ ಹತ್ತು ಸೆಂಟಿಮೀಟರ್ ಎತ್ತರದ ಅಕ್ಷರ ಇಲ್ಲಿ ಒಂದು ಮಿಲಿಮೀಟರಿಗಿಂತ ಚೂರೇ ಹೆಚ್ಚು. ಕೈಯಲ್ಲಿ ಬರೆಯುವ ಮಾತೇ ಇಲ್ಲ, ಅದಕ್ಕೆ ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿ ಕೂರಿಸುವ ಅಚ್ಚಿನ ತೆಳು ಪೊರೆ, ಅಂಟಿಸಬೇಕು. ಡೆಕಾಲ್ ಕಾಗದ ತರಿಸಿಕೊಂಡು ಝೆರಾಕ್ಸ್ ಅಂಗಡಿಗೆ ಹೋಗಿ, ಈ ಹಾಳೆ ಮೇಲೆ ಬಿಳಿ ಅಕ್ಷರ ಹೊಡೆದುಕೊಡು ಎಂದೆ. ಹುಡುಗ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನನಗೇ ವಾಪಸು ಕೊಟ್ಟ.

“ತಗೋರಿ ಸರ್, ಹೊಡದೀನಿ. ಬಿಳಿ ಹಾಳಿ ಮ್ಯಾಲ ಬಿಳಿ ಅಕ್ಷರ ಹಿಂಗೇ ಕಾಣ್ತದ.”

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಸಾಮಾನ್ಯ ಪ್ರಿಂಟರಿನಲ್ಲಿರುವುದು ನೀಲಿ, ಗುಲಾಬಿ, ಹಳದಿ, ಕಪ್ಪು ಈ ನಾಲ್ಕೇ ಶಾಯಿ. ಬಿಳಿ ಬೇಕಾದಲ್ಲಿ ಅದು ಕಾಗದವನ್ನೇ ಖಾಲಿ ಬಿಟ್ಟು ನಿಭಾಯಿಸುತ್ತದೆ. ಬಿಳಿ ಡೆಕಾಲ್ ಕಾಗದದ ಮೇಲೆ ಅಕ್ಷರದ ಸುತ್ತಲಿನ ಕಂದು ಬಣ್ಣವನ್ನು ಅಚ್ಚು ಹಾಕುವ ಉಪಾಯವೂ ಇದೆ, ಆದರೆ ಅಚ್ಚಿನ ಕಂದೂ ನನ್ನ ವ್ಯಾಗನ್ನಿನ ಕಂದೂ ಅಕ್ಕಪಕ್ಕ ಕುಳಿತರೆ ಬೀಗರ ನಡುವೆ ಮಾತು ನಿಂತ ಮದುವೆ ಮನೆ. ಕೊನೆಗೆ ಬಿಳಿ ಶಾಯಿಯಲ್ಲಿ ಅಚ್ಚು ಮಾಡಿಕೊಡುವವರೊಬ್ಬರಿಂದ ಒಂದು ಶೀಟ್ ತರಿಸಿದೆ. ಬಾಕ್ಸ್‌ಎನ್ ಜೊತೆಗೆ ಟ್ಯಾಂಕರ್ ವ್ಯಾಗನ್ನಿನ ಬರಹಗಳನ್ನೂ ಅದರಲ್ಲಿ ಪುಕ್ಕಟೆ ಸೇರಿಸಿದ್ದರು.

ಡೆಕಾಲ್ ಅಂಟಿಸುವುದು ಹೇಳಲು ಸುಲಭ. ತುಂಡನ್ನು ಕತ್ತರಿಸಿ ನೀರಿಗೆ ಅದ್ದಿ ಒಂದೆರಡು ನಿಮಿಷ ಬಿಟ್ಟರೆ ಕೆಳಗಿನ ಅಂಟು ನೆನೆಯುತ್ತದೆ. ಮೇಲಿನ ತೆಳು ಪೊರೆಯನ್ನು ಬ್ರಷ್ ತುದಿಯಿಂದ ಜಾರಿಸಿ ವ್ಯಾಗನ್ ಮೇಲೆ ಕೂರಿಸಬೇಕು. ಆದರೆ ಮೈ ನುಣ್ಣಗೆ ಹೊಳೆಯುತ್ತಿರಬೇಕು. ಮಂಕು ಪೇಂಟಿನ ಮೇಲೆ ಕೂರಿಸಿದರೆ ಸಣ್ಣ ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಂಡು ಪೊರೆ ಬೆಳ್ಳಗೆ ಮಿನುಗುತ್ತದೆ. ಅದಕ್ಕೇ ಮೊದಲು ಹೊಳಪಿನ ವಾರ್ನಿಷ್, ಆಮೇಲೆ ಡೆಕಾಲ್, ಕೊನೆಗೆ ಹೊಳಪು ತೆಗೆಯುವ ಮ್ಯಾಟ್ ವಾರ್ನಿಷ್. ಇಷ್ಟು ಹೊಳಪು ಬರಿಸಿ ಮತ್ತೆ ಅದನ್ನೇ ಕೆಡಿಸುವುದು ಯಾಕೆ ಎಂದು ನನ್ನಾಕೆ ಕೇಳಿದಾಗ ಅರ್ಧ ಗಂಟೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು ಅವಳು ಅಂದದ್ದು, “ಬಚ್ಚಲಾಗಿನ ಟೈಲ್ಸ್‌ಗಿ ಇದರ ಅರ್ಧ ಪ್ರೀತಿ ತೋರ್ಸ್ರಿ.”

ನೀರೂ ನಮ್ಮ ಕಡೆಯದಲ್ಲವೇ! ಬೋರ್‌ವೆಲ್ಲಿನ ಸವಳು ನೀರು ಒಣಗಿದಲ್ಲಿ ಬಿಳಿ ಕಲೆ ಬಿಡುತ್ತದೆ, ಅಕ್ಷರ ಯಾವುದು ಉಪ್ಪು ಯಾವುದು ಗೊತ್ತಾಗುವುದಿಲ್ಲ. ಹಾಗಾಗಿ ಫಿಲ್ಟರ್ ನೀರಿನ ಕ್ಯಾನಿನಿಂದ ಒಂದು ಬಟ್ಟಲು ಕೇಳಿ ಪಡೆದೆ. ಆಮೇಲೆ, ಕೂಲರ್ ಬಂದ್ ಮಾಡಿರಿ ಎಂದೆ. ಹಾಲಿನಲ್ಲಿ ಊಟ ಮುಗಿಸಿ ಕಲ್ಲಂಗಡಿ ತಿನ್ನುತ್ತ ಕುಳಿತಿದ್ದವರೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು. ಹೈದರಾಬಾದಿನಿಂದ ಬಂದಿದ್ದ ಭಾವನವರಂತೂ ರಜಾಕಾರರ ಕಾಲದಲ್ಲೂ ಇಂಥ ಹುಕುಂ ಕೇಳಿರಲಿಕ್ಕಿಲ್ಲ ಅಂದರು. ಮೇ ತಿಂಗಳ ಮಧ್ಯಾಹ್ನ ಎರಡು ಮಿಲಿಮೀಟರಿನ ‘ಸಿಆರ್’ಗಾಗಿ ಒಂದು ಕುಟುಂಬ ಬೆವರಬೇಕೇ? ಕೂಲರ್ ಬಂದ್ ಆಗಲಿಲ್ಲ, ಮುಖವನ್ನಷ್ಟೇ ಗೋಡೆಯ ಕಡೆ ತಿರುಗಿಸಿದರು. ಗೋಡೆಗೆ ಬಡಿದ ಗಾಳಿ ನೇರ ನನ್ನ ಮೇಜಿಗೆ ಬಂತು. ಆಗತಾನೇ ಕತ್ತರಿಸಿಟ್ಟಿದ್ದ ಒಂದು ತುಂಡು ಮೇಲೆದ್ದು, ಫೋಟೋದಲ್ಲಿದ್ದ ಶರಣಬಸವೇಶ್ವರರ ಎದುರು ಒಂದು ಸುತ್ತು ಹಾಕಿ, ಭಾವನವರ ತಟ್ಟೆಯ ಕಡೆ ಇಳಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹೋಳನ್ನು ಬಾಯಿಗೆ ಹಾಕಿಕೊಂಡಿದ್ದರು.

ಹೋದದ್ದು ಯಾವುದೆಂದು ಶೀಟ್ ನೋಡಿದೆ. ಟ್ಯಾಂಕರ್ ವ್ಯಾಗನ್ನಿನ ಎಚ್ಚರಿಕೆ: ‘ಲೂಸ್ ಶಂಟ್ ಮಾಡತಕ್ಕದ್ದಲ್ಲ.’ ಅಂದರೆ ಎಂಜಿನ್ನಿನಿಂದ ನೂಕಿ, ತಾನಾಗಿಯೇ ಉರುಳಿಹೋಗಲೆಂದು ಕೈ ಬಿಡಬಾರದು. ಭಾವನವರು ರಜೆ ಮುಗಿದ ಮೇಲೂ ಎಂಟು ದಿನ ಇದ್ದರು. ನಾವು ಯಾರೂ ನೂಕಲಿಲ್ಲ.

ಉಳಿದ ಡೆಕಾಲುಗಳನ್ನು ರಾತ್ರಿ, ಎಲ್ಲರೂ ಕೂಲರ್ ಸಮೇತ ಒಳಕೋಣೆಗೆ ಹೋದ ಮೇಲೆ ಅಂಟಿಸಿದೆ. ಸ್ವಲ್ಪ ಯಾಮಾರಿದರೆ ಪೊರೆ ಹಾಲಿನ ಕೆನೆ ಮುದುರಿದ ಹಾಗೆ ತನ್ನ ಮೇಲೆ ತಾನೇ ಮಡಚಿಕೊಳ್ಳುತ್ತದೆ, ಬಿಡಿಸಲು ಹೋದರೆ ಹರಿಯುತ್ತದೆ. ರಿವೆಟ್ಟಿನ ಉಬ್ಬುಗಳ ಮೇಲೆ ಅದನ್ನು ಒತ್ತಾಗಿ ಕೂರಿಸಲು, ಗೋಬಿ ಮಂಚೂರಿಗೆ ತಂದಿದ್ದ ವಿನೆಗರ್ ಸಾಲದೆ, ಪೊರೆಯನ್ನು ಮೆತ್ತಗೆ ಮಾಡುವ ದ್ರಾವಣವನ್ನೇ ಹಚ್ಚಿದೆ. ಅದರ ಗುಣ ವಿಚಿತ್ರ. ಹಚ್ಚಿದ ಕೆಲ ನಿಮಿಷಕ್ಕೆ ಡೆಕಾಲ್ ಸುಕ್ಕುಸುಕ್ಕಾಗುತ್ತದೆ, ನೋಡಿದವರಿಗೆ ಕೆಲಸ ಕೆಟ್ಟಿತು ಅನಿಸುತ್ತದೆ. ಆಗ ಕೈ ಹಚ್ಚದೆ ಸುಮ್ಮನೆ ಬಿಟ್ಟರೆ ತಾನೇ ಹಿಗ್ಗಿ ಪೇಂಟಿಗೆ ಅಂಟಿಕೊಂಡು, ಬರೆದ ಹಾಗೆ ಕಾಣುತ್ತದೆ. ನಾನು ಕೈ ಹಚ್ಚಲಿಲ್ಲ. ನೀರು ಕುಡಿಯಲು ಒಳಗೆ ಹೋದೆ.

ಬರುವಷ್ಟರಲ್ಲಿ ಅವ್ವ ಮೇಜಿನ ಹತ್ತಿರ ಸೆರಗಿನ ತುದಿ ಹಿಡಿದು ನಿಂತಿದ್ದಳು.

“ಏನೋ ಹೊಲಸ ಕುಂತಿತ್ತಪ್ಪ, ಒರಸೀನಿ ನೋಡು. ಈಗ ಹೆಂಗ ಥಳಥಳ ಅಂತದ!”

ವ್ಯಾಗನ್ನಿನ ಒಂದು ಮಗ್ಗುಲು ನಿಜಕ್ಕೂ ಥಳಥಳ ಅನ್ನುತ್ತಿತ್ತು. ಅದರ ಖಾಲಿ ತೂಕ, ಹೊರುವ ತೂಕ, ಮ ರೇ ಎಲ್ಲ ಅವ್ವನ ಇಳಕಲ್ ಸೀರೆಯ ಸೆರಗಿಗೆ ಸೇರಿದ್ದವು. ಶೀಟಿನಲ್ಲಿ ಇನ್ನೊಂದು ಜೊತೆ ಇತ್ತು, ಸರಿಹೋಯಿತು. ಸೀರೆಯಲ್ಲಿ ಮಾತ್ರ ಅವು ಇನ್ನೂ ಇವೆ. ಜಾತ್ರೆಗೆ ಅವ್ವ ಅದೇ ಸೀರೆ ಉಟ್ಟು ಹೊರಟಾಗ, ಅವಳು 22.47 ಟನ್ ಎಂದು ಗೊತ್ತಿದ್ದವನು ನಾನೊಬ್ಬನೇ.

ಮಾದರಿ ಮುಗಿಯಿತು ಅನ್ನುವಷ್ಟರಲ್ಲಿ ಮೂರನೇ ಮನೆಯ ಕಾಕಾ ಬಂದರು. ವಾಡಿ ಜಂಕ್ಷನ್ನಿನಲ್ಲಿ ಟ್ರೇನ್ ಎಕ್ಸಾಮಿನರ್ ಆಗಿ ನಿವೃತ್ತರಾದವರು. ರೈಲ್ವೆಯವರ ಬಾಯಲ್ಲಿ ಟಿಎಕ್ಸ್‌ಆರ್. ಹೊರಡುವ ಮುಂಚೆ ಗೂಡ್ಸ್ ಗಾಡಿಯ ಬ್ರೇಕು, ಗಾಲಿ, ಕೊಂಡಿ ನೋಡಿ ‘ಫಿಟ್’ ಅನ್ನುವುದು, ಇಲ್ಲವೇ ವ್ಯಾಗನ್ನಿಗೆ ‘ಸಿಕ್’ ಎಂದು ಗುರುತು ಹಾಕಿ ರಿಪೇರಿಯ ಸಿಕ್ ಲೈನಿಗೆ ಕಳಿಸುವುದು ಇವರ ಕೆಲಸವಾಗಿತ್ತು. ಯಾರಿಗೂ ಕಾಣದ ಅಕ್ಷರಕ್ಕೆ ಇಷ್ಟು ಒದ್ದಾಡಿದ ಮೇಲೆ ಕಾಣುವ ಕಣ್ಣೊಂದು ಬಂತಲ್ಲ ಎಂದು ಖುಷಿಯಿಂದ ಭೂತಗನ್ನಡಿ ಕೊಟ್ಟೆ. ಕೊಡಬಾರದಿತ್ತು.

ನಂಬರನ್ನು ಅವರು ಗಟ್ಟಿಯಾಗಿ ಓದಿದರು: 10 01 92 3417 6. “ಮೊದಲಿನೆರಡು ವ್ಯಾಗನ್ ಜಾತಿ. ಹತ್ತರಿಂದ ಇಪ್ಪತ್ತೊಂಬತ್ತರ ತನಾ ಓಪನ್ ವ್ಯಾಗನ್, ಬರೋಬ್ಬರಿ. ಸೊನ್ನಿ ಒಂದು ಅಂದ್ರ ಸೆಂಟ್ರಲ್ ರೈಲ್ವೆ. ತೊಂಬತ್ತೆರಡು ಹುಟ್ಟಿದ ವರ್ಷ. ಮುಂದಿನ ನಾಲ್ಕು ಇದರ ಸ್ವಂತ ನಂಬರ್. ಕೊನೀದು ಚೆಕ್ ಡಿಜಿಟ್.” ಆಮೇಲೆ ಬೆರಳು ಮಡಚತೊಡಗಿದರು. ಸಮ ಸ್ಥಾನದ ಅಂಕಿಗಳನ್ನು ಕೂಡಿಸಿದರೆ 14, ಮೂರರಿಂದ ಗುಣಿಸಿದರೆ 42. ಬೆಸ ಸ್ಥಾನದವು ಕೂಡಿಸಿದರೆ ಮತ್ತೆ 14. ಒಟ್ಟು 56. ಅರವತ್ತಕ್ಕೆ ಎಷ್ಟು ಕಡಿಮೆ? ನಾಲ್ಕು. “ನಿಂದು ಆರು ಅದ. ಇಂಥಾ ವ್ಯಾಗನ್ ಹಿಂದೂಸ್ಥಾನದಾಗ ಇರಲಾಕ ಸಾಧ್ಯನೇ ಇಲ್ಲ.”

ಶೀಟ್ ಅಚ್ಚು ಮಾಡಿದವರು ಬಾಯಿಗೆ ಬಂದ ಅಂಕಿ ಹಾಕಿದ್ದರು. ಇನ್ನೊಂದು ನಂಬರಿನಿಂದ ಒಂದು ನಾಲ್ಕನ್ನು ಕತ್ತರಿಸಿ ತೆಗೆದು ಆರರ ಜಾಗದಲ್ಲಿ ಕೂರಿಸಲು ಅದೃಷ್ಟಕ್ಕೆ ಕರೆಂಟ್ ಹೋಯಿತು. ಕೂಲರ್ ತಾನೇ ನಿಂತಿತು. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಕೆಲಸ ಮುಗಿಸಿ ಕಾಕಾ ಮುಂದೆ ಇಟ್ಟೆ. ಅವರು ಈ ಸಲ ರಿಟರ್ನ್ ಡೇಟ್ ನೋಡಿದರು. 2016. ಮುಖ ಗಂಭೀರವಾಯಿತು. ಪೇಪರಿನ ಅಂಚು ಹರಿದು ‘ಸಿಕ್’ ಎಂದು ಬರೆದು, ನಾಲಿಗೆಗೆ ತಾಗಿಸಿ, ನನ್ನ ಮ್ಯಾಟ್ ವಾರ್ನಿಷ್ ಮೇಲೆ ಒತ್ತಿದರು. ಹೊರಡುವಾಗ ಹಳಿಗೆ ಸ್ಕೇಲ್ ಹಿಡಿದು ಇನ್ನೊಂದು ಮಾತು ಹೇಳಿಹೋದರು: ಹಳಿಯ ಅಗಲ 16.5 ಮಿಲಿಮೀಟರ್, ಎಂಬತ್ತೇಳರಿಂದ ಗುಣಿಸಿದರೆ 1435 ಆಗುತ್ತದೆ, ನಮ್ಮ ಬ್ರಾಡ್‌ಗೇಜ್ 1676, ಆದ್ದರಿಂದ ಈ ವ್ಯಾಗನ್ ನಿಂತಿರುವುದು ವಿಲಾಯತಿ ಹಳಿಯ ಮೇಲೆ.

ಮರುದಿನ ಕಾಕಾ ಒಬ್ಬರೇ ಬರಲಿಲ್ಲ. ಗೂಡ್ಸ್ ಕ್ಲರ್ಕ್ ಆಗಿದ್ದ ತಮ್ಮ ಹಳೆಯ ದೋಸ್ತಿಯನ್ನೂ ಕರೆತಂದರು. ಅವರಿಗೆ ನಂಬರು, ಗೇಜು ಯಾವುದೂ ಬೇಕಿರಲಿಲ್ಲ. ಇದ್ದಿಲು ಕುಟ್ಟಿ ನಾನು ತುಂಬಿದ್ದ ಕಲ್ಲಿದ್ದಲನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಲೋಡ್ ಆಗಿ ಯಾವಾಗಿನಿಂದ ನಿಂತದ್ರಿ ಇದು?”

“ಹೋದ ವಾರದಿಂದ” ಎಂದೆ.

“ಹೋದ ವಾರದಿಂದ ಅನ್‌ಲೋಡ್ ಮಾಡಿಲ್ಲ? ಫ್ರೀ ಟೈಮ್ ಮುಗಿದು ಎಷ್ಟು ತಾಸಾತು? ತಡ ಆಗಿದ್ದಕ್ಕ ದಂಡ, ಡೆಮರೇಜ್, ಯಾರು ಕಟ್ಟೋರು?” ಎಂದವರೇ ಜೇಬು ತಡಕಿ, “ಒಂದು ಪೆನ್ ಕೊಡ್ರವ್ವ” ಎಂದು ಒಳಗಿನ ಕಡೆ ಕೂಗಿದರು.

ನನ್ನಾಕೆ ಪೆನ್ನಿನ ಜೊತೆ ಕ್ಯಾಲ್ಕುಲೇಟರನ್ನೂ ತಂದುಕೊಟ್ಟಳು.