ಆಟೋ ಡಾರ್ಕ್ ಹೆಲ್ಮೆಟ್ ಕೆಟ್ಟಿದೆ ಅನ್ನೋ ಮುಂಚೆ ಮುಂದಿನ ಗಾಜು ನೋಡಿ

ಆಟೋ ಡಾರ್ಕ್ ಅಂದ್ರೆ ವೆಲ್ಡಿಂಗ್‌ನ ಪ್ರಖರ ಬೆಳಕು (ಆರ್ಕ್) ಹೊತ್ತಿದ ಕ್ಷಣ ತಾನೇ ಕಪ್ಪಾಗೋ ಫಿಲ್ಟರ್ ಗಾಜು ಇರೋ ವೆಲ್ಡಿಂಗ್ ಹೆಲ್ಮೆಟ್. ಆರ್ಕ್ ಹೊಡೆದರೂ ಆ ಗಾಜು ಕಪ್ಪಾಗಲಿಲ್ಲ ಅಂದ ತಕ್ಷಣ "ಫಿಲ್ಟರ್ ಹೋಯ್ತು" ಅಂತ ತೀರ್ಪು ಕೊಡೋರೇ ಜಾಸ್ತಿ. ಫಿಲ್ಟರ್ ಅಷ್ಟು ಸುಲಭಕ್ಕೆ ಹೋಗೋ ವಸ್ತು ಅಲ್ಲ. ದೂರುಗಳಲ್ಲಿ ಬಹುಪಾಲು ಮುಂದಿನ ಪ್ಲಾಸ್ಟಿಕ್ ಗಾಜು, ಸೆಲ್ಲು, ಇಲ್ಲಾ ತಪ್ಪಾಗಿ ತಿರುಗಿಸಿದ ನಾಬ್‌ನದ್ದು.

ಮೊದಲು ನೋಡಬೇಕಾದ್ದು ಗ್ರೈಂಡ್ ಮೋಡ್, ಅಂದ್ರೆ ಲೋಹ ಉಜ್ಜುವಾಗ ಫಿಲ್ಟರ್ ಕಪ್ಪಾಗದಂತೆ ಇಡೋ ಸ್ವಿಚ್. ನಗಬೇಡಿ. ಗ್ರೈಂಡಿಂಗ್ ಮುಗಿಸಿ ಸ್ವಿಚ್ ವಾಪಸ್ ತಿರುಗಿಸದಿದ್ದರೆ ಎಷ್ಟು ಆರ್ಕ್ ಹೊಡೆದರೂ ಅದು ಕಪ್ಪಾಗಲ್ಲ.

ಆಮೇಲೆ ಮುಂದಿನ ಕವರ್ ಗಾಜು. ಆರ್ಕ್ ಬೆಳಕು ಗುರುತಿಸೋ ಸೆನ್ಸರ್‌ಗಳು ಅದರ ಹಿಂದೆಯೇ ಕೂತಿರ್ತವೆ, ಸಾಮಾನ್ಯವಾಗಿ 2 ಅಥವಾ 4. ಕಿಡಿ ಸಿಡಿದು, ಹೊಗೆ ಹಿಡಿದು ಗಾಜು ಮಂಕಾದರೆ ಸೆನ್ಸರ್‌ಗೆ ಬೆಳಕು ಸಾಲಲ್ಲ, ಫಿಲ್ಟರ್ ಕಪ್ಪು-ಬಿಳಿ ಅಂತ ಮಿಟುಕೋಕೆ ಶುರು ಮಾಡುತ್ತೆ. ಅದನ್ನ ಪೆಟ್ರೋಲ್, ಥಿನ್ನರ್, ಅಸಿಟೋನ್ ಹಾಕಿ ಒರೆಸಬೇಡಿ. ಪಾಲಿಕಾರ್ಬೊನೇಟ್ ಬಿರುಕು ಬಿಟ್ಟು ಇನ್ನಷ್ಟು ಮಬ್ಬಾಗುತ್ತೆ. ಕಿಡಿ ಅಂಟಿದ್ದರೆ ಬದಲಾಯಿಸೋದೇ ಸರಿ, ಇಡೀ ಹೆಲ್ಮೆಟ್‌ನಲ್ಲಿ ಅಗ್ಗದ ಭಾಗ ಅದೇ. ಹೊಸ ಗಾಜಿನ ಎರಡೂ ಬದಿಯ ತೆಳು ಹಾಳೆ ಕಿತ್ತಿದ್ದೀರಾ ನೋಡಿಕೊಳ್ಳಿ. ಅದನ್ನ ಬಿಟ್ಟು "ಏನೂ ಕಾಣಲ್ಲ" ಅನ್ನೋರು ಇದ್ದಾರೆ.

ಗಾಜು ಸ್ವಚ್ಛ ಇದ್ದೂ ಮಿಟುಕಿದರೆ ಆರ್ಕ್‌ಗೂ ಸೆನ್ಸರ್‌ಗೂ ನಡುವೆ ಏನೋ ಅಡ್ಡ ಬರ್ತಿದೆ: ನಿಮ್ಮದೇ ಕೈ, ಪೈಪಿನ ತಿರುವು, ವೆಲ್ಡ್ ಮಾಡ್ತಿರೋ ವಸ್ತುವಿನ ಅಂಚು. 2 ಸೆನ್ಸರ್ ಹೆಲ್ಮೆಟ್‌ನಲ್ಲಿ ಪೈಪ್ ಕೆಲಸ ಮಾಡೋರಿಗೆ ಇದು ತಪ್ಪಿದ್ದಲ್ಲ. ಕಡಿಮೆ ಆಂಪ್ ಟಿಗ್‌ನಲ್ಲಿ (ಟಂಗ್‌ಸ್ಟನ್ ಕಡ್ಡಿಯ ವೆಲ್ಡಿಂಗ್) ಬೆಳಕೇ ಕಮ್ಮಿ, ಅಲ್ಲಿ ಸೆನ್ಸಿಟಿವಿಟಿ, ಅಂದ್ರೆ ಎಷ್ಟು ಬೆಳಕಿಗೆ ಕಪ್ಪಾಗಬೇಕು ಅನ್ನೋ ನಾಬ್, ಏರಿಸಬೇಕು. ಪೂರ್ತಿ ಏರಿಸಿ, ಸುತ್ತಲಿನ ಬೆಳಕಿಗೇ ಕಪ್ಪಾದರೆ ಮತ್ತೆ ತಿಳಿಯಾಗೋ ತನಕ ಮೆಲ್ಲಗೆ ಇಳಿಸಿ, ಅಲ್ಲೇ ಬಿಡಿ. ಬಿಸಿಲಲ್ಲಿ ಅಥವಾ ಪಕ್ಕದಲ್ಲಿ ಇನ್ನೊಬ್ಬರು ವೆಲ್ಡ್ ಮಾಡ್ತಿದ್ದರೆ ಇನ್ನೂ ಸ್ವಲ್ಪ ಇಳಿಸಬೇಕಾಗುತ್ತೆ.

ಇನ್ನು ಸೆಲ್ಲು. ಮುಂದೆ ಸೋಲಾರ್ ಪಟ್ಟಿ ಇದೆ, ಸೆಲ್ ಯಾಕೆ ಅಂತ ಕೇಳ್ತಾರೆ. ಎಷ್ಟೋ ಮಾಡೆಲ್‌ನಲ್ಲಿ ಆ ಪಟ್ಟಿ ಆರ್ಕ್ ಉರಿಯುವಾಗ ಕೈಜೋಡಿಸುತ್ತೆ ಅಷ್ಟೇ, ಒಳಗಿನ ಸಿಆರ್2032 ಅಥವಾ ಸಿಆರ್2450 ಚಾರ್ಜ್ ಆಗಲ್ಲ. ಹೊಸ ಸೆಲ್ 3 ವೋಲ್ಟ್‌ಗಿಂತ ಚೂರು ಮೇಲೇ ತೋರಿಸುತ್ತೆ, 2.8ಕ್ಕೆ ಇಳಿದಿದ್ದರೆ ತೆಗೆದುಹಾಕಿ. 2 ಸೆಲ್ ಇದ್ದರೆ ಎರಡನ್ನೂ ಒಟ್ಟಿಗೇ. ಸೆಲ್ಲಿನ ಮೇಲೆ ಎಂಎಲ್2032 ಅಂತಿದ್ದರೆ ಅದು ಚಾರ್ಜ್ ಆಗೋ ಜಾತಿ. ಆ ಜಾಗಕ್ಕೆ ಸಿಆರ್ ಹಾಕಬಾರದು.

ಪರೀಕ್ಷೆಗೆ ಹೆಲ್ಮೆಟ್ ಮುಖಕ್ಕೆ ಹಾಕಿಕೊಂಡು ಆರ್ಕ್ ಹೊಡೆಯಬೇಡಿ. ಕೈಯಲ್ಲಿ ಹಿಡಿದು, ಸೆನ್ಸಿಟಿವಿಟಿ ಏರಿಸಿ, ಸೆನ್ಸರ್ ಮುಂದೆ ಲೈಟರ್ ಕಿಡಿ ಹಾರಿಸಿ. ಟಿವಿ ರಿಮೋಟ್ ಒತ್ತಿದರೂ ಎಷ್ಟೋ ಹೆಲ್ಮೆಟ್ ಕಪ್ಪಾಗುತ್ತೆ. ಎಲ್‌ಇಡಿ ಟಾರ್ಚ್ ನಂಬಬೇಡಿ, ಸೆನ್ಸರ್ ಹಿಡಿಯೋ ಇನ್‌ಫ್ರಾರೆಡ್ ಅದರಲ್ಲಿ ಇಲ್ಲದಷ್ಟು ಕಮ್ಮಿ.

ಡಿಲೇ ನಾಬ್‌ನ, ಅಂದ್ರೆ ಆರ್ಕ್ ನಿಂತ ಮೇಲೆ ಎಷ್ಟು ಹೊತ್ತು ಕಪ್ಪಾಗೇ ಇರಬೇಕು ಅನ್ನೋದನ್ನ, ಯಾರೂ ಮುಟ್ಟಲ್ಲ. ಹೆಚ್ಚು ಆಂಪ್‌ನಲ್ಲಿ ಆರ್ಕ್ ನಿಂತ ಮೇಲೂ ಕರಗಿದ ಲೋಹ ಹೊಳೀತಿರುತ್ತೆ, ಅಲ್ಲಿ ಡಿಲೇ ಜಾಸ್ತಿ ಬೇಕು. ಟ್ಯಾಕ್ (ಜೋಡಿಸಿ ನಿಲ್ಲಿಸೋ ಚಿಕ್ಕ ಚಿಕ್ಕ ವೆಲ್ಡ್) ಹಾಕುವಾಗ ಕಮ್ಮಿ. ಶೇಡ್, ಅಂದ್ರೆ ಗಾಜು ಎಷ್ಟು ಕಪ್ಪಾಗಬೇಕು ಅನ್ನೋ ಸಂಖ್ಯೆ, ಅದರ ವಿಷಯ ಚಿಕ್ಕದು: ಸ್ಟಿಕ್ (ರಾಡ್) ವೆಲ್ಡಿಂಗ್‌ನಲ್ಲಿ 60ರಿಂದ 160 ಆಂಪ್‌ಗೆ 10, 160ರಿಂದ 250ಕ್ಕೆ 12 ಇಟ್ಟು ನೋಡಿ.

ಒಂದು ತಪ್ಪು ತಿಳುವಳಿಕೆ ಬಿಡಿಸಲೇಬೇಕು. ಫಿಲ್ಟರ್ ಕಪ್ಪಾಗದೇ ಇದ್ದಾಗಲೂ ಅದರ ಪದರ ಯುವಿ, ಇನ್‌ಫ್ರಾರೆಡ್ ಎರಡನ್ನೂ ತಡೀತಿರುತ್ತೆ. ಒಮ್ಮೆ ಮಿಟುಕಿದರೆ ಕಣ್ಣು ಕೋರೈಸುತ್ತೆ ನಿಜ, ಆದರೆ ರಾತ್ರಿ ಕಣ್ಣಲ್ಲಿ ಮರಳು ಹಾಕಿದಂಗೆ ಆಗೋದಕ್ಕೆ ಸಾಮಾನ್ಯ ಕಾರಣ ಹೆಲ್ಮೆಟ್ ಎತ್ತಿ ಟ್ಯಾಕ್ ಹಾಕಿದ್ದು, ಇಲ್ಲಾ ಪಕ್ಕದವರ ಆರ್ಕ್. ಹಾಗಂತ ಮಿಟುಕೋ ಹೆಲ್ಮೆಟ್‌ನಲ್ಲೇ ದಿನ ತಳ್ಳಬೇಡಿ. ಫಿಲ್ಟರ್‌ನಲ್ಲೇ ಬಿರುಕು ಬಿಟ್ಟಿದ್ದರೆ, ಅಥವಾ ಸೆಲ್, ಗಾಜು, ನಾಬ್ ಎಲ್ಲಾ ಸರಿ ಇದ್ದೂ ಒಂದು ಕಡೆ ಮಾತ್ರ ಕಪ್ಪಾಗ್ತಿದ್ದರೆ ಅದಕ್ಕೆ ರಿಪೇರಿ ಇಲ್ಲ, ಫಿಲ್ಟರ್ ಹೊಸದೇ ಬೇಕು.