ಓಡಿಸ್ತಿಲ್ಲ ಸಾರ್, ತೇಲಿಸ್ತಿದೀನಿ!

ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು ಪೊಲೀಸರಿಗೆ ಹೇಳುವ ನೆವಗಳು ನಿಮಗೆ ಗೊತ್ತೇ ಇವೆ. 'ಒಂದೇ ಪೆಗ್ ಸಾರ್', 'ಕೆಮ್ಮಿನ ಔಷಧಿ ಸಾರ್'. ಪಾಪ, ಕಲ್ಪನೆಯೇ ಇಲ್ಲದ ಜನ. ಇವರೆಲ್ಲ ಬ್ರಿಟನ್ನಿನ ಬಿಬಿಸಿ ಟಿವಿಯಲ್ಲಿ ಟಾಪ್ ಗೇರ್ ಎಂಬ ಕಾರ್ ಶೋ ನಡೆಸಿಕೊಡುತ್ತಿದ್ದ ಮೂವರ ಹತ್ತಿರ ಟ್ಯೂಷನ್‌ಗೆ ಹೋಗಬೇಕಿತ್ತು.

2007ರಲ್ಲಿ ಅವರ ಪೈಕಿ ಜೆರೆಮಿ ಕ್ಲಾರ್ಕ್ಸನ್, ಜೇಮ್ಸ್ ಮೇ ಇಬ್ಬರೂ ಟೊಯೊಟಾ ಹೈಲಕ್ಸ್ ಹತ್ತಿ, ದಿಕ್ಸೂಚಿಯ ಮುಳ್ಳು ತೋರಿಸುವ ಉತ್ತರ ಕಾಂತಧ್ರುವಕ್ಕೆ ಹೊರಟರು. ದಾರಿಯಲ್ಲಿ ಜಿನ್ ಅಂಡ್ ಟಾನಿಕ್ ಸಮಾರಾಧನೆ. ಕ್ಲಾರ್ಕ್ಸನ್ ಸಮಜಾಯಿಷಿ ಏನು ಗೊತ್ತಾ? ಕೆಳಗಿರುವುದು ಹೆಪ್ಪುಗಟ್ಟಿದ ಸಮುದ್ರ, ಹಾಗಾಗಿ ನಾನು ಗಾಡಿ ಓಡಿಸ್ತಿಲ್ಲ, ಹಡಗು ನಡೆಸ್ತಿದೀನಿ! ಬಿಬಿಸಿಯ ಮೇಲೆ ಕಣ್ಣಿಡುತ್ತಿದ್ದ ಬಿಬಿಸಿ ಟ್ರಸ್ಟ್ ಮಾತ್ರ ನಗಲಿಲ್ಲ. ಇದು ಕುಡಿತಕ್ಕೆ ಮೆರುಗು ಕೊಟ್ಟ ಹಾಗಾಯಿತು ಎಂದು ಗದರಿತು.

ಅಂದಹಾಗೆ, ಅವರು ಮುಟ್ಟಿದ್ದು 1996ರಲ್ಲಿ ಕಾಂತಧ್ರುವ ಇದ್ದ ಜಾಗವನ್ನು. ಅದು ಒಂದು ಕಡೆ ನಿಲ್ಲುವ ಪೈಕಿ ಅಲ್ಲ, ಸರಿಯುತ್ತಲೇ ಇರುತ್ತದೆ. ಬಾಡಿಗೆದಾರ ಮನೆ ಖಾಲಿ ಮಾಡಿ ಹನ್ನೊಂದು ವರ್ಷ ಆದಮೇಲೆ ಹೋಗಿ ಬೆಲ್ ಒತ್ತಿ, 'ಬಂದೇಬಿಟ್ಟೆ' ಅಂದ ಹಾಗೆ.

2011ರ ಕೊನೆಗೆ ನಮ್ಮ ದೇಶದ ಸರದಿ. ಜಾಗ್ವಾರ್ ಕಾರಿನ ಹಿಂಬದಿಗೆ ಕಮೋಡ್ ಕೂರಿಸಿಕೊಂಡು ಬಂದರು. ಇಲ್ಲಿಗೆ ಬಂದವರಿಗೆಲ್ಲ ಭೇದಿ ಗ್ಯಾರಂಟಿಯಂತೆ! ಸಾಲದ್ದಕ್ಕೆ ಗಣ್ಯರ ಮುಂದೆ ಕ್ಲಾರ್ಕ್ಸನ್ ಪ್ಯಾಂಟ್ ಬಿಚ್ಚಿ ಇಸ್ತ್ರಿ ಯಂತ್ರದ ಪ್ರಾತ್ಯಕ್ಷಿಕೆ ಕೊಟ್ಟರು. ಲಂಡನ್ನಿನ ನಮ್ಮ ಹೈಕಮಿಷನ್ ಸಿಟ್ಟಾಗಿ ಬಿಬಿಸಿಗೆ ಪತ್ರ ಬರೆಯಿತು. ಅಲ್ಲಿಂದ ಬಂದ ಉತ್ತರದ ಸಾರ: ನಾವು ತಮಾಷೆ ಮಾಡಿಕೊಂಡದ್ದು ನಮ್ಮನ್ನೇ. ಪ್ಯಾಂಟಿನ ಮಟ್ಟಿಗೆ ಒಪ್ಪೋಣ. ಕಮೋಡು?

ಆದರೆ ನೆವಗಳ ರಾಜ ಅಂದರೆ 2014ರ ಅರ್ಜೆಂಟೀನಾದ್ದು. ಅಲ್ಲಿಗೆ ಒಯ್ದ ಪೋರ್ಷೆ ಕಾರಿನ ನಂಬರ್ ಎಚ್982 ಎಫ್‌ಕೆಎಲ್. ಸುಮ್ನೆ ಒಂದು ಸಲ ಓದಿ ನೋಡಿ. 982 ಅಂದರೆ 1982, ಎಫ್‌ಕೆಎಲ್ ಅಂದರೆ ಫಾಕ್‌ಲೆಂಡ್ಸ್. ಆ ದ್ವೀಪಗಳಿಗಾಗಿ ಆ ವರ್ಷವೇ ಬ್ರಿಟನ್, ಅರ್ಜೆಂಟೀನಾ ಯುದ್ಧ ಮಾಡಿದ್ದು. ಅರ್ಜೆಂಟೀನಾದ ಮಾಜಿ ಸೈನಿಕರು ಕೆರಳಿದರು. ಬಿಬಿಸಿ ಹೇಳಿದ್ದು: ಕಾಕತಾಳೀಯ, ಕಾರಿಗೆ ಮೊದಲಿಂದಲೂ ಅದೇ ನಂಬರ್. ಇರಬಹುದು ಬಿಡಿ. ಆದರೆ ನಮ್ಮಲ್ಲಿ ಹೊಸ ಸ್ಕೂಟರ್ ತಗೊಂಡವನೂ ನಂಬರ್ ಕೂಡಿಸಿ ಎಂಟು ಬಂತಾ ಅಂತ ನೋಡುತ್ತಾನೆ. ಇಡೀ ತಂಡದಲ್ಲಿ ಅಂಥ ಒಬ್ಬ ಪುಣ್ಯಾತ್ಮನೂ ಇರಲಿಲ್ವಾ? ಆಮೇಲೆ ಬಿಟ್ಟುಹೋದ ಕಾರಿನಲ್ಲಿ ಇನ್ನೊಂದು ಪ್ಲೇಟ್ ಸಿಕ್ಕಿತು. ಅದರಲ್ಲಿ ಹಸಿ ಬೈಗುಳ. ಅದಕ್ಕೂ ನೆವ ತಯಾರಿತ್ತು: ಕೊನೆಗೆ ಕಾರುಗಳಲ್ಲೇ ಆಡಬೇಕಿದ್ದ ಫುಟ್‌ಬಾಲ್‌ಗೆ ಇಟ್ಟುಕೊಂಡಿದ್ದಂತೆ.

ಕ್ಯಾಮೆರಾದವರು, ಮೆಕ್ಯಾನಿಕ್‌ಗಳು ವಾಹನಗಳ ಸಾಲು ಕಟ್ಟಿಕೊಂಡು, ಕಲ್ಲೇಟು ತಿನ್ನುತ್ತಾ ಚಿಲಿ ಗಡಿ ಕಡೆ ಓಡಿದರು. ದಾರಿಯಲ್ಲಿ ಕಾರುಗಳನ್ನೂ ಬಿಟ್ಟರು. ಮೂವರು ಹೀರೋಗಳು ಈ ಸಲ ಓಡಿಸಲೂ ಇಲ್ಲ, ತೇಲಿಸಲೂ ಇಲ್ಲ. ವಿಮಾನ ಹತ್ತಿ ಹಾರಿದರು.